ನಡುಗೋಡೆಯ ಬಲ್ಬು

ನೀಲಗಂಗವ್ವ ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಆಕೆಗೆ ಒಗ್ಗಿದ ಕೆಲಸವಲ್ಲ. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಹುಟ್ಟಿ ಬೆಳೆದವಳು. ಈ ದಂಡೆಯಲ್ಲಿ ನಿಂತು ಆ ದಂಡೆಯಲ್ಲಿ ಅರಿವೆ ಒಗೆಯುವವರನ್ನು ಮಾತಾಡಿಸಿ ಪಳಗಿದ ಗಂಟಲು ಅದು. ಬೆಟಗೇರಿಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾದರೂ ಒಂದಿಷ್ಟೂ ತಗ್ಗಿರಲಿಲ್ಲ. ಆಕೆಯ ಗಂಡ ದ್ಯಾಮಪ್ಪನೋ, ಗೋಡೆಗೂ ಕೇಳಿಸಬಾರದೆಂಬಂತೆ ಮಾತಾಡುವವ. ಇಬ್ಬರ ದನಿಯನ್ನೂ ಕೂಡಿಸಿ ಸಮ ಪಾಲು ಮಾಡಿದ್ದರೆ ಒಂದು ಸರಿಯಾದ ಸಂಸಾರದ ದನಿ ಆಗುತ್ತಿತ್ತು.

ಕರ್ನಾಟಕ ಒಂದಾಗಿ ಮೂರು ತಿಂಗಳಾಗಿತ್ತು, ಸಂಕ್ರಾಂತಿ ಕಳೆದಿತ್ತು. ಲೈಟಿನ ಆಫೀಸಿನ ಓವರ್‌ಸಿಯರು ಹೊಸ ಮೀಟರುಗಳನ್ನು ನೋಡುತ್ತ ಓಣಿ ಓಣಿ ಅಲೆದು ಮಧ್ಯಾಹ್ನದ ಹೊತ್ತಿಗೆ ಇವರ ಮನೆಯ ಬಾಗಿಲಿಗೆ ಬಂದ. ಮೈಸೂರು ಕಡೆಯ ಹುಡುಗ, ಈಚೆಗಷ್ಟೇ ಗದಗಿಗೆ ವರ್ಗವಾಗಿ ಬಂದವನು. ಮೂವತ್ತೂ ದಾಟಿರಲಿಲ್ಲ. ಕೊರಳಿನ ಎಲುಬು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಖಾನಾವಳಿಯ ಖಾರ ತಿನ್ನಲಾರದೆ ಸೊರಗಿದ್ದಾನೆಂದು ನೀಲಗಂಗವ್ವನಿಗೆ ನೋಡಿದ ಕೂಡಲೇ ಗೊತ್ತಾಯಿತು, ಗೊತ್ತಾದ ಕೂಡಲೇ ಕರುಳು ಚುರ್ ಎಂದಿತು.

"ಮೀಟರ್ ಎಲ್ಲಿಗೂ ಓಡಿ ಹೋಗೂದಿಲ್ರಿ ಸಾಹೇಬ್ರ. ಮೊದ್ಲ ಕುಂಡ್ರಿ" ಎಂದು ಅವನನ್ನು ಪಡಸಾಲೆಯ ಕಂಬಳಿಯ ಮೇಲೆ ಕೂಡಿಸಿ, ಚುರಮರಿ ಒಗ್ಗರಣೆ, ಎರಡು ಮಿರ್ಚಿ ಭಜಿ, ಲೋಟದ ತುಂಬ ಚಹಾ ಮುಂದಿಟ್ಟಳು. ಅವನು ಒಂದು ಭಜಿ ಕಚ್ಚಿ ಕಣ್ಣೀರು ತಂದುಕೊಂಡ. ಆಕೆ ಬೆಲ್ಲ ತಂದು ಕೊಟ್ಟಳು. ಬೆಲ್ಲ ಬಾಯಲ್ಲಿಟ್ಟುಕೊಂಡು ಅವನು ನಕ್ಕ. ಆ ನಗು ನೋಡಿ ಆಕೆಗೆ ಇನ್ನಷ್ಟು ಏನಾದರೂ ಕೊಡಬೇಕೆನಿಸಿತು. ಕೊಡಲು ಬೇರೇನೂ ತೋಚದೆ, ಮನೆಯಲ್ಲಿದ್ದ ಹೆಮ್ಮೆಯನ್ನೇ ತೋರಿಸಲು ಹೊರಟಳು.

"ಮೀಟರ್ ಎಲ್ಲಾರ ಮನ್ಯಾಗೂ ಇರತಾವ್ರಿ. ಒಳಗ ಬರ್ರಿ, ಬೆಟಗೇರ್ಯಾಗ ಎಲ್ಲೂ ಇಲ್ಲದ್ದ ತೋರಸ್ತೇನಿ."

ಒಳಗೆ ಅಡುಗೆಮನೆಯ ಬದಿಯ ನಡುಗೋಡೆಯಲ್ಲಿ ಒಂದು ದೀಪದ ಗೂಡಿತ್ತು. ಗೂಡು ಎಲ್ಲರ ಗೋಡೆಯಲ್ಲೂ ಇರುತ್ತದೆ. ಆದರೆ ಇದು ಗೋಡೆಯ ಈ ಕಡೆಯಿಂದ ಆ ಕಡೆಗೆ ಆರಪಾರ ತೆರೆದ ಗೂಡು. ಮೊಳದೆತ್ತರ, ಮೊಳದಗಲ. ಒಂದು ಹಣತೆ ಇಟ್ಟರೆ ಎರಡು ಮನೆಗೆ ಬೆಳಕು. ಆ ಗೂಡಿನ ನೆತ್ತಿಯಲ್ಲಿ ಈಗ ಒಂದು ಬಲ್ಬು ತೂಗುತ್ತಿತ್ತು. ನೀಲಗಂಗವ್ವ ಬಟನ್ ಒತ್ತಿದಳು, ಬಲ್ಬು ಹತ್ತಿತು. "ಗುರುಸಿದ್ದೀ, ಒಮ್ಮಿ ಹಣಿಕಿ ಹಾಕವಾ!" ಎಂದು ಕೂಗಿದಳು. ಗೂಡಿನ ಆ ಕಡೆಯಿಂದ ದುಂಡು ಮುಖದ ಹೆಂಗಸೊಬ್ಬಳು ಇಣುಕಿ, ಸಾಹೇಬನನ್ನು ಕಂಡು ಸೆರಗು ಹೊದ್ದು ನಕ್ಕಳು.

"ನೋಡ್ರಿ! ಒಂದ ಬಲ್ಬು, ಎರಡ ಮನಿ!"

"ಆ ಕಡೆ ಮನೆ ಯಾರದಮ್ಮ?"

"ನಮ್ಮ ಮೈದುನ ಕೊಟ್ರಪ್ಪಂದ್ರಿ. ಆಕಿ ನನ್ನ ನೆಗೆಣ್ಣಿ, ಗುರುಸಿದ್ದವ್ವ."

"ಹಾಗಾದ್ರೆ ಎಲ್ಲ ಒಂದೇ ಮನೆ ಅನ್ನಿ."

ಇಲ್ಲಿ ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. "ಇಲ್ರಿ, ಬ್ಯಾರೆ ಬ್ಯಾರೆ. ಹಿಸ್ಸೆ ಆಗಿ ಹದಿಮೂರ ವರ್ಷಾತು. ಅಣ್ತಮ್ಮ ಮಾತಾಡೂದಿಲ್ರಿ. ಲೈಟ ಅಷ್ಟ ಒಂದ" ಎಂದಳು ನೀಲಗಂಗವ್ವ.

ಹುಡುಗನ ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. ಅವನು ತಲೆಯೆತ್ತಿ ವಾಯರಿನ ಜಾಡು ಹಿಡಿದು ನೋಡಿದ. ಮಂಜೂರಾದದ್ದು ಪಡಸಾಲೆಗೊಂದು, ಅಡುಗೆಮನೆಗೊಂದು, ಎರಡೇ ಬಲ್ಬು. ಮೂರನೆಯದು ಎಲ್ಲಿಯೂ ಬರೆದಿರಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಕಿಸೆಯಿಂದ ಪುಸ್ತಕ ತೆಗೆದು ನಾಲ್ಕು ಸಾಲು ಬರೆದುಕೊಂಡ. "ಅಮ್ಮಾ, ನೀವು ತೋರಿಸಬಾರದಿತ್ತು. ನೋಡಿದ ಮೇಲೆ ಬರೆಯದೆ ಇರೋಕೆ ನನಗಾಗಲ್ಲ" ಎಂದು ತಲೆ ತಗ್ಗಿಸಿಕೊಂಡು ಹೊರಟುಹೋದ. ಎರಡನೆಯ ಭಜಿ ತಟ್ಟೆಯಲ್ಲೇ ಉಳಿಯಿತು.

ನಾಲ್ಕನೆಯ ದಿನ ನೋಟೀಸು ಬಂತು. ಹಿಂದೆಲ್ಲ ಸರಕಾರದ ಕಾಗದವೆಂದರೆ ಇಂಗ್ಲಿಷು, ಇಲ್ಲವೇ ಮರಾಠಿ. ಓದಲು ಬಾರದ್ದರಿಂದ ಹೆದರಿಕೆ ಒಂದು ಅಳತೆಯಲ್ಲಿ ಇರುತ್ತಿತ್ತು. ಇದು ಅಚ್ಚಕನ್ನಡದಲ್ಲಿತ್ತು. ಒಂದೊಂದು ಸಾಲೂ ತಿಳಿದು ದ್ಯಾಮಪ್ಪ ಒಂದೊಂದು ಸಾಲಿಗೂ ಬೇರೆ ಬೇರೆಯಾಗಿ ಹೆದರಿದ. ಮಂಜೂರಿ ಇಲ್ಲದೆ ವಾಯರು ಎಳೆಸಿದ್ದು ಒಂದು ತಪ್ಪು. ತನ್ನ ಮೀಟರಿನಿಂದ ಇನ್ನೊಬ್ಬರ ಮನೆಗೆ ಬೆಳಕು ಕೊಟ್ಟದ್ದು ಇನ್ನೊಂದು. ಹದಿನೈದು ದಿನದೊಳಗೆ ವಾಯರು ತೆಗೆಸಿ ಗೂಡನ್ನು ಕಟ್ಟಿ ಮುಚ್ಚಿಸಬೇಕು. ತಕರಾರಿದ್ದರೆ ಎರಡೂ ಮನೆಯವರು ಖುದ್ದಾಗಿ ಬಂದು ಹೇಳಬೇಕು. ತಪ್ಪಿದರೆ ಲೈಟು ಕತ್ತರಿಸಲಾಗುವುದು. ಕೊನೆಯಲ್ಲಿ ಬೆಳಕು ಪಡೆದವರೆಂದು ಕೊಟ್ರಪ್ಪನ ಹೆಸರೂ ಇತ್ತು.

ದ್ಯಾಮಪ್ಪ ಕಾಯಿದೆಗೆ ಅಂಜುವ ರೀತಿಯನ್ನು ಕಂಡವರೇ ನಂಬಬೇಕು. ಬೀಗರನ್ನು ಕಳಿಸಲು ಸ್ಟೇಶನ್ನಿಗೆ ಹೋದರೆ ಪ್ಲಾಟ್‌ಫಾರ್ಮ್ ಟಿಕೀಟನ್ನು ಮನೆಗೆ ಬಂದ ಮೇಲೂ ಮೂರು ದಿನ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ, ಯಾರಾದರೂ ಕೇಳಿದರೆ ಇರಲಿ ಎಂದು. ಎದುರಿಗೆ ಪೊಲೀಸ ಬಂದರೆ ಏನೂ ಮಾಡದಿದ್ದರೂ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದ. ಚಿಮಣಿ ಎಣ್ಣೆಯ ಅಂಗಡಿ ಅವನದು. ಲೈಸನ್ಸಿನ ಕಾಗದಕ್ಕೆ ಕನ್ನಡಿಯ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ನೇತುಹಾಕಿದ್ದ, ಕೆಲವು ದಿನ ಊದುಬತ್ತಿ ಅದಕ್ಕೂ ಸಲ್ಲುತ್ತಿತ್ತು.

ಮನೆ ಎರಡಾದದ್ದೂ ಆ ಲೈಸನ್ಸಿನಿಂದಲೇ. ನಲವತ್ತೆರಡರ ಚಳವಳಿಯಲ್ಲಿ ತಮ್ಮ ಕೊಟ್ರಪ್ಪ ಜೈಲಿಗೆ ಹೋದ. ಹಿಂಡಲಗಿಯಲ್ಲಿ ಒಂಬತ್ತು ತಿಂಗಳಿದ್ದ. ಆ ಒಂಬತ್ತು ತಿಂಗಳಲ್ಲಿ ಅಣ್ಣ ಒಂದು ಸಲವೂ ನೋಡಲು ಹೋಗಲಿಲ್ಲ. ಯುದ್ಧದ ಕಾಲ, ಎಣ್ಣೆಗೆ ಕಂಟ್ರೋಲು. ತಮ್ಮನ ಹೆಸರು ಅಂಗಡಿಗೆ ಅಂಟಿತೆಂದರೆ ಲೈಸನ್ಸು ಹೋಯಿತೆಂದು ಹೆದರಿ ಮನೆಯಲ್ಲಿ ಕೂತ. ಬಿಡುಗಡೆಯಾಗಿ ಬಂದ ಕೊಟ್ರಪ್ಪ ಜಗಳವಾಡಲಿಲ್ಲ, ಬೈಯಲಿಲ್ಲ. ಹಿರಿಯರನ್ನು ಕರೆಸಿ ಹಿಸ್ಸೆ ಕೇಳಿದ, ಅಷ್ಟೇ. ಮನೆಯ ನಡುವೆ ಗೋಡೆ ಎದ್ದಿತು. ಆಮೇಲೆ ದೇಶ ಸ್ವತಂತ್ರವಾಯಿತು, ನಾಡು ಒಂದಾಯಿತು, ಎರಡು ಸಲವೂ ಈ ಮನೆಯ ಎರಡು ಬಾಗಿಲಿಗೂ ಬೇರೆ ಬೇರೆ ತೋರಣ ಬಿದ್ದವು. ಅಣ್ಣತಮ್ಮಂದಿರು ಮಾತಾಡಲಿಲ್ಲ.

ಗೋಡೆ ಏಳುವಾಗ ಇಬ್ಬರು ಸೊಸೆಯರೂ ಹಿರಿಯರ ಮುಂದೆ ಅತ್ತು ಈ ಗೂಡನ್ನು ಬಿಡಿಸಿಕೊಂಡಿದ್ದರು. ಒಬ್ಬರ ಮನೆಯ ಹೊಸ್ತಿಲು ಇನ್ನೊಬ್ಬರು ತುಳಿಯಬಾರದೆಂದು ಗಂಡಂದಿರು ಹೇಳಿದ್ದರು, ಗೂಡಿಗೆ ಹೊಸ್ತಿಲಿಲ್ಲವಲ್ಲ! ಹಣತೆಗೆ ಎಣ್ಣೆ ಹಾಕುವುದು ದಿನ ಬಿಟ್ಟು ದಿನ ಒಬ್ಬೊಬ್ಬರ ಪಾಳಿ. ಆ ನೆಪದಲ್ಲಿ ದಿನಾ ಸಂಜೆ ಮಾತು. ಹೆಪ್ಪಿನ ಮೊಸರು, ಬಿಸಿ ರೊಟ್ಟಿ, ಜ್ವರದ ಕಷಾಯ ಎಲ್ಲ ಅದರಲ್ಲೇ ದಾಟಿದವು. ಗುರುಸಿದ್ದವ್ವನಿಗೆ ಮಕ್ಕಳಾಗಲಿಲ್ಲ. ನೀಲಗಂಗವ್ವ ಎರಡು ವರ್ಷದ ತನ್ನ ಮಗಳನ್ನು ಆ ಗೂಡಿನಲ್ಲೇ ಆ ಕಡೆ ದಾಟಿಸುತ್ತಿದ್ದಳು. ಮಗು ದಿನವೆಲ್ಲ ಚಿಗವ್ವನ ಮಡಿಲಲ್ಲಿ ಆಡಿ, ಉಣ್ಣುವ ಹೊತ್ತಿಗೆ ಅದೇ ಹಾದಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ಆ ಮಗಳಿಗೆ ಈಗ ಹದಿನೈದು. ಲಕ್ಷ್ಮೇಶ್ವರದಲ್ಲಿ ಸೋದರಮಾವನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು.

ಆದ್ದರಿಂದ ನೋಟೀಸಿನಲ್ಲಿ ನೀಲಗಂಗವ್ವನಿಗೆ ಕಂಡದ್ದು ಒಂದೇ ಮಾತು: ಗೂಡು ಮುಚ್ಚಿಸಬೇಕು. ತನ್ನ ಬಾಯಿಂದಲೇ ಆಯಿತಲ್ಲ ಎಂದು ಆಕೆ ಅಡುಗೆಮನೆಯಲ್ಲಿ ಕೂತು ಕಣ್ಣೀರು ಸುರಿಸಿದಳು. ಗೂಡಿನ ಆ ಕಡೆಯಿಂದ ಗುರುಸಿದ್ದವ್ವ ಕೈ ಚಾಚಿ ಆಕೆಯ ತಲೆ ಸವರಿದಳು.

"ನೀ ಅಳಬ್ಯಾಡ ಬಿಡ ಅಕ್ಕ. ಭಾವಾರು ಅದಾರಲ್ಲ, ಏನರ ಮಾಡತಾರ."

"ನಿಮ್ಮ ಭಾವಾರು ಏನ ಮಾಡತಾರ ಅಂತ ನನಗ ಗೊತ್ತಿಲ್ಲೇನ? ನಾಳಿ ಮುಂಜಾನಿ ಗೌಂಡಿನ್ನ ಕರಸತಾರ, ಸಂಜೀಕ ಗೋಡಿ ಕಟ್ಟಸ್ತಾರ. ಸರಕಾರ ಹದಿನೈದ ದಿನಾ ಕೊಟ್ರ ಇವ್ರು ಹದಿನಾಕ ದಿನಾ ಉಳಿಸಿ ಕೊಡತಾರ."

ಆದರೆ ಮರುದಿನ ಗೌಂಡಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನೀಲಗಂಗವ್ವ ತಡೆಯಲಾರದೆ ಕೇಳಿದಳು. "ಗೌಂಡಿ ಸಿಗವಲ್ಲ" ಎಂದ ದ್ಯಾಮಪ್ಪ, ನೆಲ ನೋಡುತ್ತ. ಓಣಿಯ ಗೌಂಡಿ ಗಾಳೆಪ್ಪ ಆ ಹೊತ್ತಿಗೆ ಇವರದೇ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ, ಮೂರು ದಿನದಿಂದ ಕೆಲಸವಿಲ್ಲವೆಂದು ಹೋಗುಬರುವವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಆಕೆ ಕಿಟಕಿಯಿಂದ ಗಾಳೆಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು. ಹೆಂಡತಿ ನೋಡುತ್ತಿರುವುದನ್ನು ನೋಡಿ ದ್ಯಾಮಪ್ಪ ಅಂಗಡಿಗೆ ಹೊರಟುಹೋದ.

ಆಗ ಆಕೆಗೆ ಒಂದೊಂದೇ ನೆನಪಾಗತೊಡಗಿದವು. ದೀಪಾವಳಿಗೆ ಲೈಟು ಬಂದು ಆಫೀಸಿನವರು ಪರೀಕ್ಷೆ ಮಾಡಿ ಹೋದ ವಾರಕ್ಕೆ, ಗಂಡ ವಾಯರು ಕೆಲಸದ ಶೇಖಸಾಬನನ್ನು ಮತ್ತೆ ಕರೆಸಿದ್ದ. ಶೇಖಸಾಬ ಗದಗಿನ ಉಸ್ತಾದನೊಬ್ಬನ ಕೈಕೆಳಗೆ ದುಡಿಯುವವ. ಇಬ್ಬರೂ ಹಿತ್ತಲಲ್ಲಿ ನಿಂತು ಬಹಳ ಹೊತ್ತು ಗುಸುಗುಸು ಮಾತಾಡಿದ್ದರು; ಶೇಖಸಾಬ ತಲೆ ಅಲ್ಲಾಡಿಸುತ್ತಲೇ ಇದ್ದ. ಗೂಡಿನ ಬಲ್ಬಿನ ಬಟನ್ನು ಇದ್ದದ್ದು ಈ ಕಡೆ. ದ್ಯಾಮಪ್ಪ ಉಂಡು ಹಾಸಿಗೆಗೆ ಹೋದರೂ ಅದನ್ನು ಆರಿಸುತ್ತಿರಲಿಲ್ಲ. ಆ ಕಡೆ ಕೊಟ್ರಪ್ಪ ಕಾಗದ ಮಡಿಚುವ ಸಪ್ಪಳ ಕೇಳಿದ ಮೇಲೆಯೇ ಎದ್ದು ಬಂದು ಆರಿಸುತ್ತಿದ್ದ. ಮರೆವು ಹೆಚ್ಚಾಗಿದೆ ಎಂದು ಆಕೆ ಎಷ್ಟೋ ಸಲ ಗೊಣಗಿದ್ದಳು. ಪಾಪ, ಮರೆವಿನ ಮೇಲೆ ಎಷ್ಟು ತಪ್ಪು ಹೊರಿಸಿದ್ದೆನಲ್ಲ ಎಂದು ಈಗ ಅನಿಸಿತು.

ಕೊಟ್ರಪ್ಪ ತಾಲೂಕು ಕಚೇರಿಯ ಮುಂದೆ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಚಿಕ್ಕಂದಿನಿಂದ ಅವನ ಕಣ್ಣು ಮಂದ. ಬರೆದದ್ದನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ಓದಬೇಕು. ಬಲ್ಬು ಬಂದಾಗಿನಿಂದ ಗೂಡಿನ ಬುಡಕ್ಕೆ ಮಣೆ ಹಾಕಿಕೊಂಡು ಕೂತು, ಮರುದಿನದ ಅರ್ಜಿಗಳನ್ನು ಸರಿಮಾಡಿಕೊಳ್ಳುತ್ತಿದ್ದ. ಬೆಳಕು ಎಲ್ಲಿಂದ ಬಂತೆಂದು ಒಂದು ಸಲವೂ ಕೇಳಲಿಲ್ಲ. ಗುರುಸಿದ್ದವ್ವ ನೋಟೀಸಿನ ವಿಷಯ ತೆಗೆದಾಗ, "ನಾ ಯಾರನ್ನೂ ಬೆಳಕ ಕೇಳಿಲ್ಲ. ಬಂದ್ರ ಬರಲಿ, ಹೋದ್ರ ಹೋಗಲಿ" ಎಂದ. ಅಂದು ಊಟಕ್ಕೆ ಕೂತವನು ಎರಡನೆಯ ರೊಟ್ಟಿ ಬೇಡವೆಂದು ಎದ್ದುಬಿಟ್ಟ.

"ಹನ್ನೊಂದ ದಿನಾ ಆತು ಅಕ್ಕ, ಇನ್ನ ನಾಕ ಉಳದಾವು" ಎಂದಳು ಗುರುಸಿದ್ದವ್ವ ಗೂಡಿನಲ್ಲಿ ಮುಖವಿಟ್ಟು. "ಇವ್ರು ಇಬ್ರೂ ಹಿಂಗ ಕುಂತ್ರ ಸರಕಾರದವ್ರ ಬಂದ ಮುಚ್ಚತಾರ."

"ಹಂಗಾರ ನಾವ ಹೋಗೂಣು. ಎರಡೂ ಮನಿಯವ್ರು ಬರಬೇಕಂತ ಬರದಾರ. ಗಂಡಸರ ಅಂತ ಎಲ್ಲಿ ಬರದಾರ? ನೀನೂ ಮನಿಯಾಕಿ, ನಾನೂ ಮನಿಯಾಕಿ."

ಈ ಮಾತನ್ನು ನೀಲಗಂಗವ್ವ ತನ್ನ ಹಮ್ಮಿಗಿಯ ಗಂಟಲಿನಲ್ಲೇ ಹೇಳಿದಳು. ಎರಡೂ ಪಡಸಾಲೆಗಳಲ್ಲಿ ಕೂತಿದ್ದ ಎರಡೂ ಗಂಡಸರಿಗೆ ಕೇಳಿಸಿತು. ಹೆಂಗಸರು ಆಫೀಸಿಗೆ ಹೋಗಿ ನಿಂತರೆ ಓಣಿಯ ಮುಂದೆ ಮುಖವೆಲ್ಲಿ ಇಟ್ಟುಕೊಳ್ಳುವುದು? ಮರುದಿನ ಮುಂಜಾನೆ ಇಬ್ಬರೂ ಕೋಟು ಹಾಕಿಕೊಂಡು, ತಮ್ಮ ತಮ್ಮ ಬಾಗಿಲಲ್ಲಿ ಹೊರಟು ನಿಂತಿದ್ದರು. ನೀಲಗಂಗವ್ವ ಹೊರಡುವ ಮೊದಲು ಪೆಟ್ಟಿಗೆ ತೆಗೆದು, ಹಿಸ್ಸೆಯ ಕಾಗದವನ್ನು ಯಾರಿಗೂ ಹೇಳದೆ ಸೆರಗಿನಲ್ಲಿ ಸುತ್ತಿಕೊಂಡಳು. ಅಂದು ಗೂಡಿನ ಸಲುವಾಗಿ ಅತ್ತದ್ದು ಆಕೆಗೆ ನೆನಪಿತ್ತು. ಹಿರಿಯರು ಅದನ್ನು ಬರೆಸಿದರೋ ಬಾಯಿಮಾತಿನಲ್ಲೇ ಬಿಟ್ಟರೋ ಅದು ಗೊತ್ತಿರಲಿಲ್ಲ. ಓದು ಬಾರದವಳು; ಓದು ಬಲ್ಲ ಗಂಡಸರು ಆ ಕಾಗದವನ್ನು ಹದಿಮೂರು ವರ್ಷದಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. ಬರೆದಿದ್ದರೆ ಇದ್ದೀತು ಎಂಬ ಒಂದೇ ಧೈರ್ಯ.

ಓಣಿಯ ತುದಿಯಲ್ಲಿ ನಿಂತಿದ್ದದ್ದು ಒಂದೇ ಟಾಂಗಾ. ದ್ಯಾಮಪ್ಪ ಹೆಂಡತಿಯೊಡನೆ ಮುಂದೆ, ಕುದುರೆಯ ಕಡೆ ಮುಖ ಮಾಡಿ ಕೂತ. ಕೊಟ್ರಪ್ಪ ತನ್ನ ಹೆಂಡತಿಯೊಡನೆ ಹಿಂದೆ, ಬಿಟ್ಟುಬಂದ ರಸ್ತೆಯ ಕಡೆ ಮುಖ ಮಾಡಿ ಕೂತ. ಮಾತಾಡದ ಅಣ್ಣತಮ್ಮಂದಿರಿಗಾಗಿಯೇ ಮಾಡಿಸಿದಂತಿತ್ತು ಆ ಗಾಡಿ. ಆದರೆ ಗದಗಿನ ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಒಬ್ಬನ ಬೆನ್ನು ಇನ್ನೊಬ್ಬನ ಬೆನ್ನಿಗೆ ಬಡಿಯುತ್ತಿತ್ತು. ಮೊದಲ ಸಲ ಇಬ್ಬರೂ ಸೆಟೆದು ಕೂತರು. ಆಮೇಲಾಮೇಲೆ ಸೆಟೆಯುವುದು ಬೇಸರವಾಗಿ ಸುಮ್ಮನಾದರು. ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡಿದರೆ ನಗು ಬರುತ್ತಿತ್ತು.

ಓವರ್‌ಸಿಯರು ಆಫೀಸಿನಲ್ಲಿ ಇವರನ್ನು ಕಂಡು ತಾನೇ ತಪ್ಪು ಮಾಡಿದವನಂತೆ ಎದ್ದು ನಿಂತ. ಶೇಖಸಾಬನನ್ನೂ ಕರೆಸಿದ್ದ, ಅವನು ಬಾಗಿಲ ಬದಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಬೆಂಚಿನ ಒಂದು ತುದಿಗೆ ಅಣ್ಣ, ಇನ್ನೊಂದು ತುದಿಗೆ ತಮ್ಮ, ನಡುವೆ ಇಬ್ಬರು ಹೆಂಗಸರು ಕೂತರು.

"ಯಜಮಾನರೇ, ದೊಡ್ಡ ವಿಷಯ ಏನಲ್ಲ" ಎಂದ ಓವರ್‌ಸಿಯರು. "ಲೈಟು ಹೊಸದು, ಕಾಯಿದೆ ಬಹಳ ಜನಕ್ಕೆ ಗೊತ್ತಿರಲ್ಲ. ತಿಳಿಯದೆ ಮಾಡಿದೆ ಅಂತ ಇದರಲ್ಲಿ ನಾನೇ ಬರೆದಿಟ್ಟಿದೀನಿ. ಒಂದು ರುಜು ಹಾಕಿ ಸಾಕು. ದಂಡ ಇಲ್ಲ, ಏನಿಲ್ಲ. ವೈರು ತೆಗೆಸಿ, ಗೂಡು ಮುಚ್ಚಿಸಿಬಿಡಿ. ಮುಗೀತು."

ನೀಲಗಂಗವ್ವನ ಮನೆಯ ಚಹಾ ಕುಡಿದ ಋಣಕ್ಕೆ ಅವನು ಮಾಡಬಲ್ಲ ಉಪಕಾರ ಅದು. ಬಾಗಿಲಲ್ಲಿ ಶೇಖಸಾಬ ಉಸಿರು ಬಿಟ್ಟ. ದ್ಯಾಮಪ್ಪನಿಗೆ ಇದಕ್ಕಿಂತ ಸುಲಭದ ಬಿಡುಗಡೆ ಕನಸಿನಲ್ಲೂ ಸಿಗುತ್ತಿರಲಿಲ್ಲ. ಅವನು ಎದ್ದು ಮೇಜಿನ ಹತ್ತಿರ ಹೋದ, ಟಾಕು ತೆಗೆದುಕೊಂಡ, ದೌತಿಯಲ್ಲಿ ಅದ್ದಿದ. ಆಯಿತು, ಮುಚ್ಚಿತು ಗೂಡು, ಎಂದುಕೊಂಡು ನೀಲಗಂಗವ್ವ ನೆಗೆಣ್ಣಿಯ ಕೈ ಹಿಡಿದಳು. ಟಾಕಿನ ತುದಿಯಿಂದ ಒಂದು ಹನಿ ಮಸಿ ಕಾಗದದ ಮೇಲೆ ಬಿತ್ತು. ದ್ಯಾಮಪ್ಪ ಟಾಕನ್ನು ಹಾಗೆಯೇ ಕೆಳಗಿಟ್ಟ.

"ಇದು ಸುಳ್ಳರಿ ಸಾಹೇಬ್ರ" ಎಂದ.

"ಏನು?"

"ತಿಳೀದ ಮಾಡೇನಿ ಅನ್ನೂದು. ನನಗ ಗೊತ್ತಿತ್ತರಿ. ಈ ಶೇಖಸಾಬ ಮೂರ ಸಲ ಹೇಳಿದ, ಸಾವಕಾರ್ರ, ಇದಕ್ಕ ಮಂಜೂರಿ ಇಲ್ಲ, ಅರ್ಜಿ ಹಾಕ್ರಿ ಅಂತ. ಅವಂದೇನೂ ತಪ್ಪಿಲ್ಲ. ಅರ್ಜಿ ಹಾಕಬೇಕಂದ್ರ ತಮ್ಮನ ಸಹಿ ಬೇಕು. ಸಹಿ ಬೇಕಂದ್ರ ಅವನ ಮುಂದ ಹೋಗಿ ನಿಂದ್ರಬೇಕು. ಅದು ನನ್ನ ಕಡಿಂದ ಆಗಲಿಲ್ಲ. ಅದಕ್ಕ ಕಾಯದೆ ಮುರದೆ. ಗೊತ್ತಿದ್ದ ಮುರದೆ."

ನೀಲಗಂಗವ್ವ ತಾನು ಇಪ್ಪತ್ತೆಂಟು ವರ್ಷ ಬಾಳುವೆ ಮಾಡಿದ ಗಂಡಸು ಇವನೇ ಹೌದೋ ಅಲ್ಲವೋ ಎಂದು ನೋಡಿದಳು. ಪೊಲೀಸ ಬಂದನೇನೋ ಎಂದು ಅವನ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು, ಹೌದು, ಅವನೇ. ಹೆದರುತ್ತಲೇ ನಿಂತಿದ್ದ. ಆಕೆಗೆ ಅವನ ಮೇಲೆ ಅಷ್ಟು ಪ್ರೀತಿ ಲಗ್ನದ ಚಪ್ಪರದಲ್ಲೂ ಬಂದಿರಲಿಲ್ಲ.

"ಯಾಕೆ ಮಾಡಿದ್ರಿ ಹಾಗಾದ್ರೆ?" ಓವರ್‌ಸಿಯರು ಮೆಲ್ಲಗೆ ಕೇಳಿದ.

"ಅವನ ಕಣ್ಣ ಮಂದ ಅದಾವರಿ. ಸಣ್ಣಾಂವ ಇದ್ದಾಗ ಅಂವ ಓದಾಕ ಕುಂತ್ರ ನಾನ ಕಂದೀಲ ಹಿಡಕೊಂಡ ಕುಂಡ್ರತಿದ್ದೆ. ಕೈ ಸೋತ್ರೂ ಇಳಸ್ತಿದ್ದಿಲ್ಲ. ನಲವತ್ತೆರಡರಾಗ ಅಂವ ಜೇಲಿನ್ಯಾಗ ಇದ್ದ. ಒಂಬತ್ತ ತಿಂಗಳು. ನಾ ಒಂದ ದಿನಾನೂ ಹೋಗಲಿಲ್ಲ. ಹೆದರಿ ಮನ್ಯಾಗ ಕುಂತೆ. ಅವತ್ತಿಂದ ಇವತ್ತಿನ ತನಕ ನಾ ನನ್ನ ತಮ್ಮಗ ಕೊಟ್ಟದ್ದು ಅಂದ್ರ ಇದೊಂದ ಬೆಳಕರಿ. ಅದನ್ನೂ ತಿಳೀದ ಕೊಟ್ಟೆ ಅಂತ ಬರಕೊಡಂಗಿಲ್ಲ. ನೀವು ಏನ ಶಿಕ್ಷಾ ಮಾಡತೀರಿ ಮಾಡ್ರಿ."

ಕೊಟ್ರಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದವನು ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಎದ್ದು ಬಂದು ಅಣ್ಣನ ಬದಿಗೆ ನಿಂತ. ಮಾತಾಡಿದ್ದು ಮಾತ್ರ ಓವರ್‌ಸಿಯರನೊಡನೆ.

"ಸಾಹೇಬ್ರ, ನೋಟೀಸಿನ್ಯಾಗ ನನ್ನ ಹೆಸರು ಕೊನಿಗೆ ಹಾಕೀರಿ. ಮ್ಯಾಲ ತಗೋರಿ."

"ನೀವು ಬೆಳಕು ಪಡೆದವರು ಅಷ್ಟೇ. ನಿಮ್ಮ ತಪ್ಪು ಏನಿದೆ?"

"ಅರ್ಜಿ ಬರದ ಹೊಟ್ಟಿ ಹೊರಕೊಳ್ಳಾಂವ ನಾ. ಕಾಯದೆ ಗೊತ್ತಿದ್ದಿಲ್ಲ ಅಂದ್ರ ಯಾರ ನಂಬತಾರ? ವಾಯರ್ ಯಾರ ಹಾಕಿಸಿದ್ರು, ಎದಕ ಹಾಕಿಸಿದ್ರು, ಬಟನ್ ಯಾರ ಕಾಯ್ಕೊಂಡ ಇರತಿದ್ರು, ಎಲ್ಲಾ ಗೊತ್ತಿತ್ತು. ಗೊತ್ತಿದ್ದ ಮೂರ ತಿಂಗಳ ಅದರ ಬುಡಕ ಕುಂತೇನಿ. ಒಂದ ಮಾತ ಹೇಳಲಿಲ್ಲ. ತಪ್ಪು ನಂದ ದೊಡ್ಡದು."

ಆ ಆಫೀಸಿಗೆ ಅಲ್ಲಿಯವರೆಗೆ ಬಂದವರೆಲ್ಲ ತಪ್ಪು ನಮ್ಮದಲ್ಲ ಎನ್ನುವವರೇ. ಇಬ್ಬರು ಒಂದೇ ತಪ್ಪಿಗೆ ಹೀಗೆ ಜಗ್ಗಾಡಿದ್ದನ್ನು ಓವರ್‌ಸಿಯರು ಕಂಡಿರಲಿಲ್ಲ. ಅವನು ತಲೆ ಕೆರೆದುಕೊಂಡ. "ಹೀಗಂದ್ರೆ ನಾನೇನು ಮಾಡಲಿ? ದಂಡ ಹಾಕಲೇಬೇಕಾಗತ್ತೆ. ಗೂಡು ಮುಚ್ಚಲೇಬೇಕಾಗತ್ತೆ."

"ಮುಚ್ಚಾಕ ಬರೂದಿಲ್ರಿ!" ಎಂದು ನೀಲಗಂಗವ್ವ ಎದ್ದಳು. ಪಕ್ಕದ ಕೋಣೆಯ ಗುಮಾಸ್ತರು ಕೂಡ ತಲೆಯೆತ್ತಿದರು. ಆಕೆ ಸೆರಗಿನಿಂದ ಹಿಸ್ಸೆಯ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. "ಗೂಡಿಂದ ಇದರಾಗ ಬರದಿರಬೇಕ್ರಿ. ಹುಡುಕಿ ನೋಡ್ರಿ."

ಓವರ್‌ಸಿಯರು ಹಳೆಯ ಕಾಗದವನ್ನು ಮೆಲ್ಲಗೆ ಬಿಡಿಸಿದ. ಹಳೆಯ ಮೋಡಿ ಬರಹದ ತಿರುವುಳ್ಳ ಅಕ್ಷರ ಅವನಿಗೆ ಓದಲು ಬರಲಿಲ್ಲ. ಕೊಟ್ರಪ್ಪನೇ ಬಗ್ಗಿ, ಕಾಗದವನ್ನು ಮೂಗಿಗೆ ಹಿಡಿದು, ಬೆರಳಿಟ್ಟು ಓದಿದ: ನಡುಗೋಡೆಯಲ್ಲಿರುವ ದೀಪದ ಗೂಡು ಉಭಯತರದು, ಅದನ್ನು ಯಾರೂ ಮುಚ್ಚತಕ್ಕದ್ದಲ್ಲ, ಅದರಲ್ಲಿ ದೀಪವನ್ನು ಉಭಯತರೂ ಕೂಡಿ ಹಚ್ಚತಕ್ಕದ್ದು. ಉಭಯತರೂ ಕೂಡಿ ಎಂಬಲ್ಲಿಗೆ ಹಿಂದಿರುಗಿ ಅದನ್ನು ಇನ್ನೊಮ್ಮೆ ಓದಿದ.

ಓವರ್‌ಸಿಯರು ಕುರ್ಚಿಗೆ ಒರಗಿದ. ಅವನ ಮುಖದ ಮೇಲೆ, ಬೆಲ್ಲ ತಿಂದ ದಿನದ ನಗು ಮತ್ತೆ ಬಂತು. "ಗೂಡು ಇಬ್ಬರದೂ ಅಂತ ಕಾಗದ ಇದ್ರೆ ಅದು ಬೇರೆಯವರ ಮನೆ ಹೇಗಾಗತ್ತೆ? ಜಂಟಿ ಜಾಗ. ಜಂಟಿ ಜಾಗಕ್ಕೆ ಜಂಟಿ ಹೆಸರಲ್ಲಿ ಕನೆಕ್ಷನ್ ಕೊಡಬಹುದು. ಇಬ್ಬರೂ ಕೂಡಿ ಅರ್ಜಿ ಹಾಕಿ, ಒಂದೇ ಅರ್ಜಿ. ಶೇಖಸಾಬರೇ, ನಿಮ್ಮ ಉಸ್ತಾದರು ಬಂದು ವೈರು ನೋಡಿ ಸರ್ಟಿಫಿಕೇಟ್ ಬರೆದುಕೊಡಲಿ. ಅಲ್ಲಿವರೆಗೆ ಆ ಬಲ್ಬು ಹತ್ತಿಸೋ ಹಾಗಿಲ್ಲ. ಆಮೇಲೆ ಗೂಡು ಇರಲಿ, ಬಲ್ಬೂ ಇರಲಿ."

ಗುರುಸಿದ್ದವ್ವ ಅಲ್ಲೇ ಕೈಮುಗಿದಳು. ಶೇಖಸಾಬ ಇವತ್ತೇ ಉಸ್ತಾದನನ್ನು ಕರೆತರುತ್ತೇನೆಂದು ಟೋಪಿ ತಲೆಗಿಟ್ಟುಕೊಂಡ. ಕೊಟ್ರಪ್ಪ ಬಿಳಿ ಹಾಳೆ ಕೇಳಿ ತೆಗೆದುಕೊಂಡು ಮೇಜಿನ ಮೂಲೆಯಲ್ಲಿ ಅರ್ಜಿ ಬರೆಯತೊಡಗಿದ. ಮೊದಲು ಅಣ್ಣನ ಹೆಸರು ಬರೆದ, ಅದರ ಕೆಳಗೆ ತನ್ನದು. ಬರೆದು ಮುಗಿಸಿ ಸಹಿ ಮಾಡಿ, ಹಾಳೆಯನ್ನು ಅಣ್ಣನ ಕಡೆ ಸರಿಸಿದ. ದ್ಯಾಮಪ್ಪ ಸಹಿ ಮಾಡಿದ. ಆದರೆ ಅವನ ಮುಖ ಇನ್ನೂ ಬಿಳಿಚಿಕೊಂಡೇ ಇತ್ತು.

"ದಂಡ ಹಾಕಬೇಕಾಗತೈತಿ ಅಂದ್ರೆಲ್ಲರಿ" ಎಂದ ಓವರ್‌ಸಿಯರನಿಗೆ. "ಅದು... ಜೇಲಿನ ತನಕ ಏನರ ಹೋಗತೈತೇನ್ರಿ?"

ಓವರ್‌ಸಿಯರು ಬಾಯಿ ತೆಗೆಯುವ ಮೊದಲೇ ಕೊಟ್ರಪ್ಪ ಅಣ್ಣನ ಕಡೆ ತಿರುಗಿದ. ಹದಿಮೂರು ವರ್ಷದ ಮೇಲೆ ಮೊದಲ ಸಲ ಮುಖ ನೋಡಿದ. ಹತ್ತಿರದಿಂದಲೇ ನೋಡಬೇಕಾಗಿತ್ತು, ಅವನ ಕಣ್ಣೇ ಹಾಗೆ.

"ಹೋದ್ರ ಹೋಗಲಿ ಬಿಡ, ಅಣ್ಣ" ಎಂದ. "ಈ ಸಲ ಇಬ್ರೂ ಕೂಡೇ ಹೋಗೂಣು."

"ಇದಕ್ಕೆಲ್ಲ ಜೈಲು ಇಲ್ಲ ಕಣ್ರೀ!" ಎಂದು ಓವರ್‌ಸಿಯರು ಗಾಬರಿಯಿಂದ ಹೇಳುತ್ತಿದ್ದ. ದ್ಯಾಮಪ್ಪನಿಗೆ ಅದು ಕೇಳಿಸಲೇ ಇಲ್ಲ. ಅವನು ತಮ್ಮನ ಎರಡೂ ಕೈ ಹಿಡಿದುಕೊಂಡು, ಸರಕಾರಿ ಆಫೀಸಿನ ನಟ್ಟನಡುವೆ ನಿಂತು ಅಳುತ್ತಿದ್ದ.